ಬರ್ತೀನ್ರಿ ಅಂದದ್ದು

ಹನುಮಸಾಗರದ ಕೆಳಗಿನ ಓಣಿಯಿಂದ ನಾವಿಬ್ಬರೂ ಮನೆಗೆ ಹೊರಟಾಗ ರಾತ್ರಿ ಒಂಬತ್ತು ದಾಟಿತ್ತು. ದಾರಿಯಲ್ಲಿ ಒಂದು ಆಲದ ಮರ. ಅದರ ಪಕ್ಕ ಬತ್ತಿದ ಬಾವಿ. ಹೇಮಕ್ಕ ಮುಂದೆ, ನಾನು ಹಿಂದೆ. ಮರ ಕಾಣುತ್ತಲೇ ಅವಳು ನಿಂತಳು. ತಿರುಗಿ ನೋಡಲಿಲ್ಲ.

“ಬರೋವಾಗ ಏನಂದಿ ನೀ ಅಲ್ಲೆ?”

“ಯಾರಿಗೆ?”

“ದುರಗಮ್ಮ ಕಾಕಿಗೆ.”

“ಬರ್ತೀನ್ರಿ ಅಂದೆ...”

ಅವಳ ಮೊಬೈಲಿನ ಟಾರ್ಚ್ ಆರಿತು. ಅವಳೇ ಆರಿಸಿದಳೋ, ತಾನೇ ಆರಿತೋ... ನಾನು ಇವತ್ತಿಗೂ ಕೇಳಿಲ್ಲ.

“ಹುಚ್ಚಿ,” ಎಂದು ಪಿಸುಗುಟ್ಟಿದಳು. “ಸತ್ತ ಮನ್ಯಾಗ ಹಂಗನ್ನಬಾರ್ದು.”

ಮೊದಲಿನಿಂದ ಹೇಳುತ್ತೇನೆ. ಇದು 2018ರ ದಸರಾ ರಜೆಯಲ್ಲಿ ನಡೆದದ್ದು. ಹೇಮಕ್ಕ ನಮ್ಮ ದೊಡ್ಡಪ್ಪನ ಮಗಳು. ಹನುಮಸಾಗರದಲ್ಲಿ ಅವಳದೊಂದು ಸಣ್ಣ ಅಂಗಡಿ ಇತ್ತು. ಝೆರಾಕ್ಸ್, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿ. ನಾನು ಕೊಪ್ಪಳದಿಂದ ರಜೆಗೆ ಹೋಗಿದ್ದೆ. ಅಂಗಡಿಯಲ್ಲಿ ಅವಳ ಹಿಂದೆ ಸ್ಟೂಲಿನ ಮೇಲೆ ಕುಳಿತು ಬಂದವರನ್ನು ನೋಡುವುದೇ ನನ್ನ ಕೆಲಸ. “ಇಂಗ್ಲಿಷ್ ಸಾಲಿ ಹುಡುಗಿ, ಬಾಯಾಗ ಕಡ್ಲಿಕಾಳು ಇಟ್ಕೊಂಡಿ ಏನ?” ಎಂದು ಅವಳು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು.

ಅವತ್ತು ಸಂಜೆ ಪಂಚಾಯ್ತಿಯ ವಾಟರ್‌ಮನ್ ದ್ಯಾವಪ್ಪ ಬಂದರು. ತಲೆ ಬೋಳಿಸಿಕೊಂಡಿದ್ದರು. ಒಳಗೆ ಬರದೆ ಮೆಟ್ಟಿಲ ಕೆಳಗೇ ನಿಂತರು.

“ಹೇಮವ್ವಾ, ಒಂದು ಕೆಲಸ ಐತಿ. ನಿನ್ನ ಮನಸ್ಸಿಗೆ ಬಂದ್ರ ಬಾ. ಒತ್ತಾಯ ಇಲ್ಲ.”

ಅವರ ಮಗಳು ಸುಮಂಗಲಾ, ಕುಷ್ಟಗಿಯಲ್ಲಿ ಬಿ.ಎ. ಓದುತ್ತಿದ್ದವಳು, ಜ್ವರದಿಂದ ತೀರಿಕೊಂಡು ಹತ್ತು ದಿನವಾಗಿತ್ತು. ಮರುದಿನ ಹನ್ನೊಂದನೆಯ ದಿನ. ಅವಳಿಗೆ ಇಷ್ಟವಿದ್ದದ್ದನ್ನೆಲ್ಲ ಫೋಟೋದ ಮುಂದೆ ಎಡೆ ಇಡಬೇಕು. ಗಂಗಾವತಿಯಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ ಒಂದು ಆಟ. ಅದನ್ನೂ ಇಡಬೇಕೆಂದು ತಾಯಿಯ ಹಟ.

“ಚಾಲೂ ಆಕ್ಕೈತಿ, ಬಂದ್ ಆಕ್ಕೈತಿ,” ಎಂದರು ದ್ಯಾವಪ್ಪ. “ಚಾಲೂ ಆಕ್ಕೈತಿ, ಬಂದ್ ಆಕ್ಕೈತಿ.”

ನಾವು ಹೋದಾಗ ಪಡಸಾಲೆಯಲ್ಲಿ ಸುಮಂಗಲಾಳ ತಾಯಿ ದುರಗಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದ ಮನೆಯ ಕಳಕಮ್ಮ ಅಕ್ಕಿ ಆರಿಸುತ್ತಿದ್ದಳು. ಲ್ಯಾಪ್‌ಟಾಪ್ ಕಂಬಳಿಯ ಮೇಲಿತ್ತು.

“ಎಡಿಗೆ ಹೋಳಿಗಿ ಇಡ್ತಾರವ್ವಾ,” ಎಂದಳು ಕಳಕಮ್ಮ ನಮ್ಮನ್ನು ನೋಡಿ. “ಇಂಥಾ ಡಬ್ಬಿ ಇಡ್ತಾರೇನು?”

“ಹೋಳಿಗಿ ಆಕಿಗೆ ಸೇರ್ತಿರಲಿಲ್ಲ,” ಎಂದರು ದುರಗಮ್ಮ. ಅಷ್ಟೇ. ಕಳಕಮ್ಮ ಮತ್ತೆ ಅಕ್ಕಿಗೆ ಬಗ್ಗಿದಳು.

ಹೇಮಕ್ಕ ಆಟ ತೆರೆದಳು. ಹೊಲ ಮಾಡುವ ಆಟ. ಬಿತ್ತಬೇಕು, ನೀರು ಹಾಕಬೇಕು, ಕೊಯ್ಯಬೇಕು. ಪರದೆಯ ಮೇಲೆ ಹಳದಿ ಲಂಗದ ಒಂದು ಸಣ್ಣ ಹುಡುಗಿ ನಿಂತಿದ್ದಳು. ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು: ಸುಮಿ. ಅವಳ ಹಿಂದೆ ಹೊಲ. ಬೆಳೆಯೆಲ್ಲ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು.

“ದವಾಖಾನ್ಯಾಗ ಅಂದ್ಳು,” ಎಂದರು ದುರಗಮ್ಮ, ಪರದೆಯಿಂದ ಕಣ್ಣು ತೆಗೆಯದೆ. “ಅವ್ವಾ, ನನ್ನ ಹೊಲಕ್ಕ ನೀರು ಹಾಕಸು ಅಂದ್ಳು. ನಾ ಖರೇ ಹೊಲ ಅಂತ ತಿಳ್ಕೊಂಡೆ. ನಮಗೆಲ್ಲಿ ಹೊಲ? ಜ್ವರದಾಗ ಏನೋ ಬಡಬಡಸ್ತಾಳ ಅಂದ್ಕೊಂಡು ಹೂಂ ಅಂದೆ.”

ದ್ಯಾವಪ್ಪ ಬಾಗಿಲಲ್ಲಿ ನಿಂತಿದ್ದರು. “ಊರಿಗೆಲ್ಲಾ ನೀರು ಬಿಡೋನು ನಾ,” ಎಂದರು.

ಆಟದಲ್ಲೂ ಒಂದು ಬಾವಿ ಇತ್ತು. ಹೇಮಕ್ಕ ಬಾಣದ ಕೀ ಒತ್ತಿ ಹುಡುಗಿಯನ್ನು ಅಲ್ಲಿಗೆ ನಡೆಸಿದಳು. ಗಾಲಿ ತಿರುಗಿತು... ಕಿರ್ರ್. ಕೊಡ ಮುಳುಗಿತು... ಗುಳುಕ್. ಪರದೆ ಕಪ್ಪಾಯಿತು. ಆಟ ನಿಂತುಹೋಗಿದೆ ಎಂಬ ಚೌಕ ಬಂತು.

“ಗುಳುಕ್ ಆದಮ್ಯಾಲೆ ಟಣ್ ಅನ್ಬೇಕು,” ಎಂದರು ದುರಗಮ್ಮ. “ಟಣ್ ಅಂದ್ರ ನೀರು ಬಂತು ಅಂತ. ಆಕಿ ಆಡೋವಾಗ ಕೇಳ್ತಿದ್ದೆ, ಅಡಗಿಮನ್ಯಾಗಿಂದ.”

ಹೇಮಕ್ಕ ಎಲ್ಲವನ್ನೂ ಮಾಡಿದಳು. ಹಿಂಬದಿಯ ಸ್ಕ್ರೂ ಬಿಚ್ಚಿ ಫ್ಯಾನಿನ ಧೂಳನ್ನು ಬ್ರಶ್ಶಿನಿಂದ ತೆಗೆದಳು. ರ‍್ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಹಾಕಿದಳು. ತನ್ನ ಮೊಬೈಲಿನ ಇಂಟರ್‌ನೆಟ್ ಕೊಟ್ಟು ಡಿಸ್‌ಪ್ಲೇ ಡ್ರೈವರ್, ಅಂದರೆ ಪರದೆ ನಡೆಸುವ ಸಾಫ್ಟ್‌ವೇರ್, ಹೊಸದು ಹಾಕಿದಳು. ಪ್ರತಿ ಸಲವೂ ಕಿರ್ರ್... ಗುಳುಕ್... ಕಪ್ಪು.

“ನೀರು ಬಂದಾಗ ಆಟ ತಾನಾಗೇ ಸೇವ್ ಆಕ್ಕೈತಿ ಕಾಕಿ. ಅಲ್ಲೇ ಸಿಕ್ಕೊಳ್ಳಾಕತ್ತೈತಿ. ಪೂರಾ ತಗದು ಹೊಸದು ಹಾಕಿದ್ರ ನಡೀತೈತಿ. ಆದ್ರ ಹೊಲ ಹೊಸದು ಬರ್ತೈತಿ. ಹೆಸರೂ ಹೊಸದು.”

“ಬ್ಯಾಡ.”

ಏಳಾಯಿತು. ಎಂಟಾಯಿತು. ಕಳಕಮ್ಮ ಎದ್ದು ಹೋದಳು. ನಾನು ಮೂಲೆಯಲ್ಲಿ ಕುಳಿತು ದುರಗಮ್ಮನ ಬಾಯಿ ನೋಡುತ್ತಿದ್ದೆ. ಪ್ರತಿ ಸಲ ಕೊಡ ಮುಳುಗಿದಾಗ ಅವರ ತುಟಿ ‘ಟಣ್’ ಎಂಬ ಆಕಾರಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು.

ಕೊನೆಗೆ ಹೇಮಕ್ಕ ಆ ಹೊಲ, ಆ ಹೆಸರು ಎಲ್ಲ ಇದ್ದ ಸೇವ್ ಫೈಲನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡಳು. “ಮನ್ಯಾಗ ನನ್ನ ಲ್ಯಾಪ್‌ಟಾಪ್‌ನ್ಯಾಗ ತೆರದು ನೀರು ಹಾಕ್ತೀನಿ, ಅದರಾಗೂ ಈ ಆಟ ಐತಿ. ಮುಂಜಾನಿ ಈ ಫೈಲ್ ತಂದು ಇಲ್ಲಿ ಕುಂಡ್ರಸ್ತೀನಿ. ಎಡಿ ಇಡೋದ್ರಾಗ ಹೊಲ ಹಸರಾಗಿರ್ತೈತಿ. ಚಿಂತಿ ಮಾಡಬ್ಯಾಡ್ರಿ.” ಪೆನ್‌ಡ್ರೈವ್ ಅನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಚೀಲದ ಒಳಜೇಬಿನಲ್ಲಿಟ್ಟು ಝಿಪ್ ಎಳೆದೆ.

ಹೇಮಕ್ಕ ಏನೂ ಹೇಳದೆ ಹೊಸ್ತಿಲು ದಾಟಿದಳು. ನನಗೆ ಅದು ಒರಟುತನವೆನಿಸಿತು. ನಾಲ್ಕು ತಾಸು ಆ ಮನೆಯಲ್ಲಿ ಕುಳಿತು ನಾನು ಒಂದು ಮಾತೂ ಆಡಿರಲಿಲ್ಲ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಎಂದು ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಎಲ್ಲಿ ಅನ್ನಬಾರದು ಎಂದು ಯಾರೂ ಕಲಿಸಿರಲಿಲ್ಲ. ಫೋಟೋದ ಕಡೆ ನೋಡಿದೆ, ದುರಗಮ್ಮನ ಕಡೆ ನೋಡಿದೆ. “ಬರ್ತೀನ್ರಿ,” ಅಂದೆ.

ದ್ಯಾವಪ್ಪ ತಟ್ಟನೆ ತಲೆ ಎತ್ತಿದರು. ದುರಗಮ್ಮ ಮಾತ್ರ ನನ್ನನ್ನು ನೋಡಲೇ ಇಲ್ಲ. ನನ್ನ ಪಕ್ಕದಲ್ಲಿ ಯಾರೋ ನಿಂತಿರುವಂತೆ ಅಲ್ಲಿ ನೋಡಿದರು.

ಈಗ ಆ ಆಲದ ಮರದ ಹತ್ತಿರಕ್ಕೆ ಬನ್ನಿ.

ಟಾರ್ಚ್ ಆರಿದೆ. ಹೇಮಕ್ಕ ನನ್ನ ಮಣಿಕಟ್ಟು ಹಿಡಿದಿದ್ದಾಳೆ. ಗಾಳಿ ಇಲ್ಲ. ಒಂದು ಎಲೆಯೂ ಅಲ್ಲಾಡುತ್ತಿಲ್ಲ.

“ಅಂದ್ರ ಏನಾಕ್ಕೈತಿ?” ಎಂದು ಕೇಳಿದೆ.

“ಸುಮ್ಮನಿರು... ನಡಿ.”

ಎರಡು ಹೆಜ್ಜೆ ಇಟ್ಟೆವು.

ಕಿರ್ರ್...

ಆ ಬಾವಿಗೆ ಗಾಲಿ ಇಲ್ಲ. ಹಗ್ಗ ಇಲ್ಲ. ನಾನು ಹಗಲಿನಲ್ಲಿ ನೋಡಿದ್ದೆ. ತಳದಲ್ಲಿ ಪ್ಲಾಸ್ಟಿಕ್ ಚೀಲಗಳು, ಒಂದು ಹರಿದ ಚಪ್ಪಲಿ, ಅಷ್ಟೇ.

ಗುಳುಕ್...

ಹೇಮಕ್ಕನ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು. ಇಬ್ಬರೂ ನಿಂತೇ ಇದ್ದೆವು. ನಾವು ಯಾವುದಕ್ಕೆ ಕಾಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು. ಸಂಜೆಯಿಂದ ಆ ಮನೆಯಲ್ಲಿ ಒಮ್ಮೆಯೂ ಬಾರದೆ ಉಳಿದದ್ದು ಅದೊಂದೇ...

ಟಣ್.

ಬಾವಿಯಿಂದ ಬಂತೋ, ನನ್ನ ಹೆಗಲಿನ ಚೀಲದಿಂದ ಬಂತೋ ಹೇಳಲಾರೆ. ಹತ್ತಿರದಿಂದ ಬಂತು. ನನ್ನ ಕೈಯಲ್ಲಿದ್ದ ಮೊಬೈಲನ್ನು ಯಾಕೋ ಒತ್ತಿದೆ. ಪರದೆ ಬೆಳಗಿತು, ಇಬ್ಬರೂ ನೋಡಿದೆವು. ಒಂಬತ್ತು ಇಪ್ಪತ್ತು. ಆಮೇಲೆ ಓಡಿದೆವು. ಮನೆ ಮುಟ್ಟುವವರೆಗೆ ನಮ್ಮ ಹಿಂದೆ ತುಂಬಿದ ಕೊಡ ತುಳುಕುವ ಸದ್ದು ಇತ್ತು. ಮೇಲೆ ಬೀಳಲಿಲ್ಲ, ಹಿಂದೆಯೂ ಉಳಿಯಲಿಲ್ಲ. ನಾವು ಓಡಿದಷ್ಟೇ ಜೋರಾಗಿ ತುಳುಕುತ್ತಿತ್ತು.

ಹೇಮಕ್ಕ ಅಂಗಳದಲ್ಲೇ ನನ್ನ ಕಾಲನ್ನೂ ತನ್ನ ಕಾಲನ್ನೂ ತೊಳೆದಳು. ದೊಡ್ಡವ್ವನಿಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿ ತನ್ನ ಲ್ಯಾಪ್‌ಟಾಪ್ ತೆರೆದಳು.

“ಇವತ್ತ ಬ್ಯಾಡಕ್ಕಾ,” ಅಂದೆ.

“ಮಾತು ಕೊಟ್ಟೀನಿ.”

ಝಿಪ್ ಹಾಕಿದ ಹಾಗೇ ಇತ್ತು. ಪೆನ್‌ಡ್ರೈವ್ ಹಾಕಿದಳು. ಆಟ ತೆರೆಯಿತು.

ಹೊಲ ಹಸಿರಾಗಿತ್ತು. ಬದುವಿನಿಂದ ಬದುವಿನವರೆಗೆ. ಸುಮಿ ಬಾವಿಯ ಹತ್ತಿರ ಇರಲಿಲ್ಲ, ಹೊಲದ ನಡುವೆ ಖಾಲಿ ಕೊಡ ಹಿಡಿದು ನಿಂತಿದ್ದಳು. ಹೇಮಕ್ಕ ಎರಡೂ ಕೈಗಳನ್ನು ಕೀಬೋರ್ಡಿನಿಂದ ಮೇಲೆತ್ತಿ ನನಗೆ ತೋರಿಸಿದಳು.

“ನಾ ಇನ್ನೂ ಏನೂ ಒತ್ತಿಲ್ಲ...”

ಮರುದಿನ ಬೆಳಿಗ್ಗೆ ಹೋಗಿ ಆ ಫೈಲನ್ನು ಅವರ ಲ್ಯಾಪ್‌ಟಾಪ್‌ಗೆ ಹಾಕಿದಳು. ಫೋಟೋದ ಮುಂದೆ ಮಿರ್ಚಿ, ಮಂಡಕ್ಕಿ, ಒಂದು ಗ್ಲಾಸ್ ಚಹಾ, ನಡುವೆ ಆ ಹಸಿರು ಹೊಲ. ಎರಡು ತಾಸು ಆಟ ಒಮ್ಮೆಯೂ ನಿಲ್ಲಲಿಲ್ಲ. ದುರಗಮ್ಮ ಅಳಲಿಲ್ಲ. ಹೇಮಕ್ಕನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಎಷ್ಟೊತ್ತಿಗೆ ಹಾಕಿದಿ ನೀರು?”

ಹೇಮಕ್ಕನಿಗೆ ಸುಳ್ಳು ಬರಲಿಲ್ಲ. “ಒಂಬತ್ತು ಇಪ್ಪತ್ತಕ್ಕ, ಕಾಕಿ.”

“ಹೂಂ,” ಎಂದರು. “ನನಗೂ ಕೇಳಿಸ್ತು.”

ಅವತ್ತು ಹೊರಡುವಾಗ ನಾನು ತುಟಿ ಬಿಚ್ಚಲಿಲ್ಲ. ಹೊಸ್ತಿಲು ದಾಟಿದ ಮೇಲೆ ಹಿಂದಿನಿಂದ ದುರಗಮ್ಮನ ದನಿ ಬಂತು. “ಬಾರವ್ವಾ.” ಯಾರನ್ನು ಕರೆದರೋ. ನಾನು ತಿರುಗಲಿಲ್ಲ.

ಫೈಲು ತನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ತಾನಾಗಿ ಬದಲಾಗಿರಬಹುದು ಎಂದು ಹೇಮಕ್ಕ ಈಗ ಹೇಳುತ್ತಾಳೆ. ಹಗಲಿನಲ್ಲಿ ಹೇಳುತ್ತಾಳೆ. ಆದರೆ ಅವಳು ಅದನ್ನು ತೆರೆದಾಗ ಹತ್ತಾಗಿತ್ತು. ಪೆನ್‌ಡ್ರೈವ್ ನನ್ನ ಹತ್ತಿರವೇ ಇದೆ. ಅದರಲ್ಲಿ ಒಂದೇ ಫೈಲು. ಕೊನೆಯ ಸಲ ಸೇವ್ ಆದ ಹೊತ್ತು ಅದರ ಪಕ್ಕದಲ್ಲೇ ಕಾಣುತ್ತದೆ. ನಂಬದಿದ್ದರೆ ಬಂದು ನೋಡ್ರಿ. 9:20.