ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಅರ್ಧ ದಿನದ ನರ್ಸು

…ನಗಬೇಡ್ರೋ, ನಿಮ್ಮಜ್ಜೀನೂ ಒಂದಿನ ನರ್ಸಾಗಿದ್ಲು. ಒಂದಿನ ಅಂದ್ರೆ ಪೂರ್ತಿ ಅಲ್ಲ, ಟೀ ಟೈಮಿಂದ ಊಟದ ಗಂಟೆವರ್ಗೆ. ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಕಾಲರ್ ಹೊಲೀತಿದ್ದೆ, ಕಾಲರ್ ಅಲ್ಲ, ಅದು ಆಮೇಲೆ ಕೊಟ್ರು, ಆಗ ಬರೀ ಗುಂಡಿ. ನಮ್ ಸೂಪರ್‌ವೈಸರ್ ಶಿವಣ್ಣ ಓಡ್ಬಂದ. "ಜಯಮ್ಮಾ, ಇನ್‌ಸ್ಪೆಕ್ಷನ್ನು! ಫ್ಯಾಕ್ಟ್ರೀಲಿ ನರ್ಸ್ ಇರ್ಬೇಕಂತೆ, ಕಾನೂನಂತೆ. ನಿಂಗೆ ಕನ್ನಡಕ ಐತೆ, ದಪ್ಪಗೂ ಇದೀಯ, ನರ್ಸ್ ಥರಾನೇ ಕಾಣ್ತೀಯ!" ಅಂದ. ಇಂಗೊಂದು ಕಾನೂನೈತೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು ನೋಡಿ. ಅಲ್ಲೀವರ್ಗೂ ಸೂಜಿ ಚುಚ್ಚಿದ್ರೆ ಬೆರಳು ಚೀಪ್ಕೊಂಡು ಮುಂದಿನ ಶರ್ಟ್ ಎತ್ಕೋತಿದ್ವಿ.

ಬಟ್ಟೆ ಗಂಟು ತುಂಬೋ ಗೋಡೌನ್ ಖಾಲಿ ಮಾಡಿ, ಒಂದು ಮಂಚ ಹಾಕಿ, ಯಾರ್ದೋ ಬಿಳಿ ಕೋಟು ತೊಡ್ಸಿ ಕೂರ್ಸಿದ್ರು. ಕೋಟಿನ ಗುಂಡಿ ನಂಗೆ ಹಾಕೋಕೇ ಆಗ್ಲಿಲ್ಲ, ಅಷ್ಟು ಬಿಗಿ! ಸರ್ಕಾರದ ಮೇಡಂ ಬಂದ್ರು. "ಎಲ್ಲಿ ಓದಿದ್ದು ಸಿಸ್ಟರ್?" "ಆನೇಕಲ್ಲಲ್ಲಿ ಮೇಡಂ, ಏಳನೇ ಕ್ಲಾಸು." ಶಿವಣ್ಣ ಕೆಮ್ಮಿದ್ದೇ ಕೆಮ್ಮಿದ್ದು. "ತಮಾಷೆ ಮಾಡ್ತಾರೆ ಮೇಡಂ!" ಮೇಡಂ ನಗ್ಲಿಲ್ಲ. ಗೋಡೆ ಮೇಲಿದ್ದ ಔಷಧಿ ಡಬ್ಬಿ ತೆಗೆಸಿದ್ರು. ಒಳಗೇನಿತ್ತು ಗೊತ್ತಾ? ಆಯುಧಪೂಜೆ ಕುಂಕುಮ, ಕರ್ಪೂರ, ಒಣಗಿದ್ದೊಂದು ನಿಂಬೆಹಣ್ಣು. "ಇದ್ಯಾವ ಕಾಯಿಲೆಗ್ರೀ?" ಅಂದ್ರು. ಶಿವಣ್ಣ, "ದೃಷ್ಟಿಗೆ ಮೇಡಂ" ಅಂದ್ಬಿಟ್ಟ!

ಅಷ್ಟೊತ್ಗೆ ಹೊರಗೆ ಕಿರುಚಾಟ. ರಾಯಚೂರು ಕಡೆ ಹುಡುಗಿ ರೇಣುಕಾ, ಐದು ತಿಂಗಳ ಬಸುರಿ, ಮಿಷಿನ್ ಮೇಲೇ ಬಿದ್ದಿದ್ಲು. ಎಲ್ರೂ ಎತ್ಕೊಂಡು ಬಂದಿದ್ದು ಎಲ್ಲಿಗೆ? ನನ್ ಮುಂದಕ್ಕೆ! ಗಾಬರೀಲಿ ಅವ್ರಿಗೆ ಬಿಳಿ ಕೋಟಷ್ಟೇ ಕಂಡಿತ್ತು, "ಸಿಸ್ಟರ್, ನೋಡಿ ಸಿಸ್ಟರ್!" ನೀರು ಚಿಮುಕಿಸ್ದೆ, ಪಾದ ಉಜ್ಜಿದೆ, ಕಣ್ಣೇ ಬಿಡ್ಲಿಲ್ಲ. ಕೈಕಾಲು ತಣ್ಣಗೆ. ಶಿವಣ್ಣ ಕಿವೀಲಿ, "ಬಾಯ್ಬಿಟ್ರೆ ಕೆಲಸ ಓಯ್ತು" ಅಂದ. ನಿಮ್ಮಪ್ಪಂಗೆ ಸ್ಕೂಲು ಆಗಷ್ಟೇ ಸೇರ್ಸಿದ್ದೆ, ಭಯ ಆಗ್ದೆ ಇರ್ತದಾ? ಆದ್ರೂ ಆ ರೇಣುಕಾ ಮುಖ ನೋಡಿ, "ಮೇಡಂ, ನಾನು ನರ್ಸೂ ಅಲ್ಲ ಏನೂ ಅಲ್ಲ, ಗುಂಡಿ ಹೊಲಿಯೋಳು. ಮೊದ್ಲು ಇವ್ಳನ್ನ ಆಸ್ಪತ್ರೆಗೆ ಕರ್ಕೊಂಡೋಗಿ!" ಅಂದೆ. ಮೇಡಂ ತಮ್ ಜೀಪಲ್ಲೇ ಮಲಗಿಸ್ಕೊಂಡು ಹೋದ್ರು. ಮೈಯಲ್ಲಿ ರಕ್ತಾನೇ ಇರ್ಲಿಲ್ವಂತೆ ಪಾಪ. ಬದುಕಿದ್ಲು, ಹೆಣ್ಮಗು ಹೆತ್ಲು, ಈಗ ಚಂದಾಪುರದಲ್ಲೇ ಅವ್ಳೆ.

ಫ್ಯಾಕ್ಟ್ರಿಗೆ ನೋಟೀಸು ಬಂತು, ನಿಜವಾದ ನರ್ಸೂ ಬಂದ್ಲು. ನನ್ ಕೆಲಸ ಹೋಗ್ಲಿಲ್ಲ, ಮೇಡಂ ನನ್ ಹೆಸ್ರು ಬರ್ಕೊಂಡು ಹೋಗಿದ್ರಲ್ಲ, ಅದೇ ಭಯ ಫ್ಯಾಕ್ಟ್ರಿಯೋರ್ಗೆ. ಯೋಚ್ನೆ ಮಾಡಿ, ಕಾನೂನು ಅಲ್ಲೇ ಇತ್ತು, ನಾವ್ಯಾರೂ ಬಾಯಿ ಬಿಟ್ಟು ಕೇಳಿರ್ಲಿಲ್ಲ. ಅತ್ತ ಮಗೀಗೇ ಹಾಲು ಕಣ್ರೋ. ಏಳಿ, ಮುದ್ದೆ ಆರ್ತದೆ.