ಫ್ಯಾನ್ ಸದ್ದಿಗೆ ಕೇಳಿಸಲಿಲ್ಲ

ಬಾಗಿಲು ಹಾಕಿದ್ದೀರಾ? ಸರಿ... ಹಾಗಾದ್ರೆ ಮೆಲ್ಲಗೆ ಹೇಳ್ತೀನಿ. ಮಧ್ಯೆ ಯಾರೂ ಕಿಸಕ್ ಅನ್ನಬೇಡಿ. ಇದು ಕಾಗಕ್ಕ ಗುಬ್ಬಕ್ಕನ ಕತೆ ಅಲ್ಲ, ನಮ್ಮ ಚಿಕ್ಕಮ್ಮನ ಮನೆ ಗೋಡೆಗೆ ಅಂಟಿಕೊಂಡ ಮನೇಲಿ ನಡೆದದ್ದು.

ಆ ಮನೆಯವನನ್ನ ಬೀದಿಯವರೆಲ್ಲ ಗಂಟಲಪ್ಪ ಅಂತಿದ್ರು. ಗಂಟಲೇ ಅವನ ಅನ್ನ. ಮೈಕಿನ ಮುಂದೆ ಕೂತು ಪುಸ್ತಕ ಓದೋದು, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸೋದು. ಬೆಣ್ಣೆಯಂಥ ದನಿ. ಮನಸ್ಸು ಎಂಥದ್ದು ಅಂತ ಆಮೇಲೆ ನೀವೇ ಹೇಳಿ.

ಒಂದು ದಿನ ಕತ್ತಲಾದ ಮೇಲೆ ಕಂಪ್ಯೂಟರ್ ಅಂಗಡಿಯಿಂದ ನಡೆದು ಬರ್ತಿದ್ದ. ಕೈಚೀಲದಲ್ಲಿ ಕಂಪ್ಯೂಟರ್ ಪೆಟ್ಟಿಗೆಗೆ ಹಾಕೋ ಹೊಸ ಫ್ಯಾನುಗಳು. ದಾರೀಲಿ ಒಂದು ಹಾಳುಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಅದರ ಪಕ್ಕಕ್ಕೆ ಬಂದ... ಟಣ್. ನಿಂತ. ಏನೂ ಇಲ್ಲ. ಎರಡು ಹೆಜ್ಜೆ ಹಾಕಿದ... ಟಣ್ ಟಣ್. ಸ್ಟೀಲ್ ಲೋಟದ ತಳವನ್ನ ಗೋಡೆಗೆ ಕುಟ್ಟಿದ ಸದ್ದು. ಕಲ್ಲಿಗಲ್ಲ, ಕಬ್ಬಿಣಕ್ಕಲ್ಲ, ಗಾರೆ ಗೋಡೆಗೆ. ಚೀಲದಲ್ಲಿ ಡಬ್ಬಿಗೆ ಡಬ್ಬಿ ತಾಕಿರಬೇಕು ಅಂತ ತನಗೆ ತಾನೇ ಹೇಳಿಕೊಂಡು ಬಿರಬಿರನೆ ನಡೆದ. ಡಬ್ಬಿಗಳು ರಟ್ಟಿನವು.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ತಾಯಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳು. ಇವನು ಓದೋ ಕೋಣೆಯ ಪಕ್ಕದ ಕೋಣೇಲಿ, ಗೋಡೆಗೆ ಒತ್ತಿದ ಮಂಚ. ಕೂಗೋಕೆ ತ್ರಾಣ ಇಲ್ಲ ಅಂತ ಕೈಗೊಂದು ಲೋಟ ಕೊಟ್ಟಿದ್ರು. ಒಂದು ಸಲ ಕುಟ್ಟಿದರೆ ನೀರು. ಎರಡು ಸಲ ಕುಟ್ಟಿದರೆ ಬಚ್ಚಲು. ಬಿಡದೆ ಕುಟ್ಟಿದರೆ, ಈಗಲೇ ಬಾ. ಎದ್ದು ಓಡ್ತಿದ್ದದ್ದು ಮಗ ಅಲ್ಲ, ಸೊಸೆ. ಅವಳ ಕೈಮಣಿಕಟ್ಟಿಗೆ ಯಾವಾಗಲೂ ರಬ್ಬರ್ ಬ್ಯಾಂಡ್ ಇರ್ತಿತ್ತು. ಮಾತ್ರೆ ಪಟ್ಟಿ, ಪೊಟ್ಟಣ, ತುಂಡು ವೈರು, ಏನು ಸಿಕ್ಕಿದರೂ ಸುತ್ತಿ ಕಟ್ಟಿಡೋ ಅಭ್ಯಾಸ ಅವಳದು.

ಅವಳು ತಂಗಿಯ ಹೆರಿಗೆಗೆ ಅಂತ ಒಂದೇ ಒಂದು ರಾತ್ರಿ ಹೋಗಿದ್ದಳು. ಅವತ್ತೇ ಮುದುಕಿ ಕುಟ್ಟಿದಳು. ಬಿಡದೆ ಕುಟ್ಟಿದಳು. ಇವನಿಗೆ ಓದು ಲಯ ಹಿಡಿದಿತ್ತು. ಈ ಅಧ್ಯಾಯ ಮುಗಿಸಿ ಎದ್ದರಾಯ್ತು ಅಂದುಕೊಂಡ. ಕುಟ್ಟಿದ್ದೆಲ್ಲ ರೆಕಾರ್ಡಿಗೂ ಬಿತ್ತು. ಓದಿ ಮುಗಿದ ಮೇಲೆ ಕೂತು, ಒಂದೊಂದೇ ಹುಡುಕಿ, ಕತ್ತರಿಸಿ ತೆಗೆದ. ಕೇಳ್ತಿದ್ದೀರಾ? ತಾಯಿ ಕರೆದದ್ದನ್ನ ಒಂದೊಂದಾಗಿ ಕತ್ತರಿಸಿ ತೆಗೆದ... ಆಮೇಲೆ ಎದ್ದು ಹೋಗಿ ನೋಡಿದ. ಮುದುಕಿ ತಣ್ಣಗಾಗಿದ್ದಳು.

ಬಂದವರಿಗೆಲ್ಲ ಒಂದೇ ಮಾತು, ಅದೇ ಬೆಣ್ಣೆ ದನೀಲಿ: "ಕಂಪ್ಯೂಟರಿನ ಫ್ಯಾನ್ ಸದ್ದಿಗೆ ಕೇಳಿಸಲಿಲ್ಲ." ಆ ಹಳೇ ಫ್ಯಾನು ಜೇನುಗೂಡಿನ ಥರ ಗುಂಯ್ ಅಂತಿದ್ದದ್ದೂ ನಿಜ. ಎಲ್ಲರೂ ನಂಬಿದರು. ಸೊಸೆಯಂತೂ ಎದೆ ಬಡಕೊಂಡು ಆ ಫ್ಯಾನಿಗೇ ಶಾಪ ಹಾಕಿದಳು. ಮೊದಲು ಅದನ್ನ ಕಿತ್ತು ಸದ್ದಿಲ್ಲದ್ದು ತನ್ನಿ, ನಾಳೆ ನಾನು ಬಿದ್ದುಕೊಂಡರೂ ನಿಮಗೆ ಕೇಳಬೇಕಲ್ಲ ಅಂತ ದಿನಾ ಅದೇ ರಾಗ. ತಡೆಯೋಕಾಗದೆ ಅಂಗಡಿಗೆ ಹೋಗಿದ್ದೇ, ನಾನು ಮೊದಲು ಹೇಳಿದ ಆ ದಿನ.

ಅಂಗಡಿಯವನು ಮಾತಿನ ಮಲ್ಲ. ಸಣ್ಣ ಫ್ಯಾನು ಸಣ್ಣ ಮನುಷ್ಯನ ಹಾಗೆ ಸ್ವಾಮೀ, ಕೆಲಸ ಕಡಿಮೆ ಕೂಗಾಟ ಜಾಸ್ತಿ, ದೊಡ್ಡದು ತಗೊಳ್ಳಿ, ನಿಧಾನಕ್ಕೆ ತಿರುಗಿದರೂ ಗಾಳಿ ಸಾಕು ಅಂದ. ಸ್ಕ್ರೂ ಬಿಗಿದರೆ ಪೆಟ್ಟಿಗೆಯೆಲ್ಲ ನಡುಗುತ್ತೆ, ರಬ್ಬರ್ ಪಿನ್ನು ಹಾಕಿ ಅಂದ. ಕೊನೆಗೆ, ಹಳೇದನ್ನ ಈಗಲೇ ಬಿಸಾಡಬೇಡಿ, ಕೂತ ಜಾಗದಿಂದಲೇ ಎರಡನ್ನೂ ಕೇಳಿ ನೋಡಿ, ವ್ಯತ್ಯಾಸ ಗೊತ್ತಾಗದಿದ್ರೆ ವಾಪಸ್ ತನ್ನಿ ಅಂದ. ಮನೆಗೆ ಬಂದು ಈ ಮಾತನ್ನ ಹೆಂಡತಿಗೆ ಹೇಳಿಬಿಟ್ಟ. ಕೆಟ್ಟದ್ದೇ ಅಲ್ಲಿ.

ಹೊಸದು ಹಾಕಿದರು. ಮನೆ ನಿಶ್ಶಬ್ದ. ತಿರುಗ್ತಿದೆಯೋ ಇಲ್ಲವೋ ಅಂತ ಅವಳು ಕೈ ಒಡ್ಡಿ ನೋಡಿದಳು. ಆಮೇಲೆ, ಹಳೇದನ್ನೂ ಒಂದು ಸಲ ಹಾಕಿ ಅಂದಳು. ಅತ್ತೆ ಕರೆದದ್ದು ನಿಜವಾಗ್ಲೂ ಕೇಳಿಸ್ತಿರಲಿಲ್ಲವಾ ಅಂತ ತಿಳಿದುಕೊಂಡರೆ ತನ್ನ ಸಂಕಟ ತಣ್ಣಗಾಗುತ್ತೆ ಅಂದಳು. ಪಾಪ, ಗಂಡನ ಮೇಲೆ ಒಂದು ಚೂರೂ ಅನುಮಾನ ಇರಲಿಲ್ಲ. ಅವಳು ಅವನ ಕುರ್ಚೀಲಿ ಕೂತಳು. ಅವನು ಹೋಗಿ ತಾಯಿಯ ಮಂಚದ ಮೇಲೆ ಮಲಗಿ, ಲೋಟ ಹಿಡಿದ.

ಗುಂಯ್... ಅಂತ ಶುರುವಾಯ್ತು. ಕುಟ್ಟಲೇಬಾರದು ಅಂತ ಇವನು ಮೊದಲೇ ಗಟ್ಟಿ ಮಾಡಿಕೊಂಡಿದ್ದ. ಕುಟ್ಟಿದೆ, ನಿನಗೆ ಕೇಳಿಸಲಿಲ್ಲ ನೋಡು ಅಂದುಬಿಟ್ಟರೆ ಮುಗೀತು. ಲೋಟವನ್ನ ಎರಡು ಕೈಯಲ್ಲೂ ಎದೆಗೆ ಒತ್ತಿಕೊಂಡು ಉಸಿರು ಹಿಡಿದ.

ಟಣ್.

ಕಿವಿ ಪಕ್ಕದ ಗೋಡೆ. ಟಣ್ ಟಣ್... ಟಣ್ ಟಣ್ ಟಣ್ ಟಣ್. ಗಾರೆಯ ಪುಡಿ ಅವನ ಕೆನ್ನೆ ಮೇಲೆ ಉದುರಿತು. ಲೋಟ ಎದೆ ಮೇಲೇ ಇತ್ತು.

ಫ್ಯಾನು ನಿಂತಿತು. ಅವಳು ಬಂದು ಬಾಗಿಲಲ್ಲಿ ನಿಂತಳು. ದನಿ ಎತ್ತಲಿಲ್ಲ.

"ಕೇಳಿಸ್ತು ಕಣ್ರೀ..."

ನಾನು ಕುಟ್ಟಲೇ ಇಲ್ಲ ಅನ್ನೋ ಮಾತು ನಾಲಗೆ ತುದೀವರೆಗೂ ಬಂತು. ಕುಟ್ಟಲಿಲ್ಲ ಅಂದರೆ, ಮತ್ತೆ ಯಾರು? ಕುಟ್ಟಿದೆ ಅಂದರೆ ಅವತ್ತಿನ ಸುಳ್ಳು ಬಯಲು. ಅತ್ತ ದರಿ, ಇತ್ತ ಪುಲಿ. ಆ ಕೋಣೇಲಿ ಮಲಗಿದ್ದವನಿಗೆ ಸುಳ್ಳಿಗಿಂತ ಗೋಡೆಯ ಭಯವೇ ದೊಡ್ಡದಾಯ್ತು.

"ನಾನೇ... ನಾನೇ ಕುಟ್ಟಿದ್ದು."

"ಹಾಗಾದ್ರೆ ಅವತ್ತೂ ಕೇಳಿಸಿತ್ತು."

ಅವಳು ಮಣಿಕಟ್ಟಿನ ರಬ್ಬರ್ ಬ್ಯಾಂಡನ್ನ ಎಳೆದು ಬಿಟ್ಟಳು. ಫಟ್. "ಇನ್ನು ಮೇಲೆ ಈ ಮಂಚ ನಿಮ್ಮದು," ಅಂದಳು. ಅಷ್ಟೇ. ಜಗಳ ಇಲ್ಲ, ಅಳು ಇಲ್ಲ. ಅವನ ಓದೋ ಕೋಣೇಲಿ ಅವಳು ಚಾಪೆ ಹಾಸಿಕೊಂಡಳು. ಹೊತ್ತಿಗೆ ಸರಿಯಾಗಿ ಬಡಿಸ್ತಿದ್ದಳು, ಮಾತು ಮಾತ್ರ ಇಲ್ಲ.

ಸದ್ದಿಲ್ಲದ ಹೊಸ ಫ್ಯಾನು ಮತ್ತೆ ಹಾಕಿದ್ದರಲ್ಲ, ಮನೇಲಿ ಸೂಜಿ ಬಿದ್ದರೂ ಕೇಳ್ತಿತ್ತು. ದೀಪ ಆರಿಸಿದರೆ ಸಾಕು, ದಿಂಬಿನ ಪಕ್ಕ... ಟಣ್. ನೀರಿಟ್ಟ, ನಿಲ್ಲಲಿಲ್ಲ. ಕೈಮುಗಿದ, ನಿಲ್ಲಲಿಲ್ಲ. ಕೊನೆಗೆ ಕಣ್ಣು ಗುಳಿಬಿದ್ದು ಮತ್ತೆ ಅಂಗಡಿಗೆ ಹೋದ. ನಿಮ್ಮ ಹತ್ತಿರ ಇರೋದರಲ್ಲೆಲ್ಲ ಹೆಚ್ಚು ಸದ್ದು ಮಾಡೋ ಫ್ಯಾನು ಕೊಡಿ ಅಂದ. ಅಂಗಡಿಯವನು ಬಿದ್ದು ಬಿದ್ದು ನಕ್ಕ, ಹೀಗೆ ಕೇಳಿದವರಲ್ಲಿ ನೀವೇ ಮೊದಲನೆಯವರು ಅಂದ. ಆಗ ಇವನು ಕೌಂಟರಿಗೆ ತಲೆಯಿಟ್ಟು ಅತ್ತು, ನಾನೀಗ ನಿಮಗೆ ಹೇಳಿದ್ದಷ್ಟನ್ನೂ ಹೇಳಿಕೊಂಡ. ಅಂಗಡಿಯವನ ನಗು ನಿಂತಿತು.

ಇವನು ಮನೆಗೆ ಬಂದು ಪೆಟ್ಟಿಗೇಲಿ ಹಿಡಿಸಿದಷ್ಟು ಸಣ್ಣ ಫ್ಯಾನು ತುಂಬಿದ. ರಬ್ಬರ್ ಇಲ್ಲ, ಎಲ್ಲಕ್ಕೂ ಸ್ಕ್ರೂ. ಗುಂಯ್ಯ್ಯ್... ಅಂತ ಮನೆಯೇ ಮೊರೆಯಿತು. ನಮ್ಮ ಚಿಕ್ಕಮ್ಮ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬೈದುಕೊಂಡಳು. ಹಿಟ್ಟಿನ ಗಿರಣಿಯೊಳಗೆ ಕೂತಂತೆ ಓದಿದ್ದು ಯಾರಿಗೆ ಬೇಕು, ಅವನ ಕೆಲಸ ಹೋಯ್ತು. ಹೋಗಲಿ ಅಂದ. ಲೋಟದ ಸದ್ದು ಮುಚ್ಚಿತ್ತಲ್ಲ... ಎಷ್ಟೋ ದಿನದ ಮೇಲೆ ಮಗುವಿನ ಹಾಗೆ ನಿದ್ದೆ ಮಾಡ್ತಿದ್ದಾನೆ ಅಂತ ಬೀದಿಯವರೆಲ್ಲ ಅಂದುಕೊಂಡರು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ನೋಡಿದರೆ ಮಂಚದ ಮೇಲೆ ಸೆಟೆದುಕೊಂಡು ಬಿದ್ದಿದ್ದ. ಎದೆನೋವು ಅಂದರು ಡಾಕ್ಟರು, ತುಂಬ ಹೊತ್ತು ಒದ್ದಾಡಿದ್ದಾನೆ ಅಂದರು. ಕೈಯಲ್ಲಿ ಲೋಟ. ತಳ ಜಜ್ಜಿ ಒಳಗೆ ಹೋಗಿತ್ತು. ದಿಂಬಿನ ತುಂಬ ಗಾರೆ.

ಬಂದವರಿಗೆಲ್ಲ ಹೆಂಡತಿ ಒಂದೇ ಮಾತು ಹೇಳಿದಳು, ಅವನದೇ ದನಿಯ ಹಾಗೆ, ಮೆತ್ತಗೆ: "ಫ್ಯಾನ್ ಸದ್ದಿಗೆ ಕೇಳಿಸಲಿಲ್ಲ." ಚಿಕ್ಕಮ್ಮನೂ ಹೌದು ಹೌದು ಅಂದಳು. ಬೀದಿಗೆಲ್ಲ ಗೊತ್ತಿದ್ದ ಸದ್ದು ತಾನೇ ಅದು.

ಆಮೇಲೆ ಕಂಪ್ಯೂಟರನ್ನ ಕೊಂಡುಕೊಳ್ಳೋಕೆ ಅಂಗಡಿಯವನೇ ಬಂದ. ಚಿಕ್ಕಮ್ಮನ ಎದುರಿಗೇ ಪೆಟ್ಟಿಗೆ ಬಿಚ್ಚಿದ. ಅಷ್ಟೂ ಫ್ಯಾನಿನ ವೈರು ಕಿತ್ತು, ಒಟ್ಟಿಗೆ ಸೇರಿಸಿ, ನೀಟಾಗಿ ಒಂದು ರಬ್ಬರ್ ಬ್ಯಾಂಡ್ ಸುತ್ತಿತ್ತು. ತಿರುಗಿದ ಫ್ಯಾನಿನ ರೆಕ್ಕೆ ಅಂಚಿಗೆ ಧೂಳು ಕೂರುತ್ತೆ, ಇವುಗಳಲ್ಲಿ ಒಂದು ಚೂರೂ ಇಲ್ಲ, ಹಾಕಿದ ದಿನವೇ ಕಿತ್ತಿಟ್ಟ ಹಾಗಿವೆ ಅಂದ ಅಂಗಡಿಯವನು. ಅವಳು ಕಾಫಿ ಲೋಟ ತಂದು ಮೆಲ್ಲಗೆ ಕೆಳಗಿಟ್ಟಳು.

ಸುಳ್ಳು ಅನ್ನೋರು ಚಿಕ್ಕಮ್ಮನನ್ನೇ ಕೇಳಿ. ಇಲ್ಲ, ನನ್ನನ್ನೇ ಕೇಳಿ. ಅವನು ಸತ್ತ ಆ ರಾತ್ರಿ ನಾನು ಚಿಕ್ಕಮ್ಮನ ಮನೇಲೇ ಮಲಗಿದ್ದೆ, ಆ ಗೋಡೆ ಪಕ್ಕ. ಬೆಳಗಾಗೋವರೆಗೂ ಗುಂಯ್ ಅಂತಿತ್ತು. ಕೈಯಿಟ್ಟರೆ ಗೋಡೆ ನಡುಗ್ತಿತ್ತು.