ಮಾಜಿ ಶಾಸಕರ ಕೈಯಲ್ಲಿ ಎರಡು ಕಾಗದ

ಮಂತ್ರಿಗಳ ಕೋಣೆಯ ಹೊರಗೆ, ನನ್ನ ಪಕ್ಕ ಕೂತಿದ್ದ ಹೆಂಗಸು ಎದುರಿಗಿದ್ದ ಮಾಜಿ ಶಾಸಕರನ್ನು ಮಾತಿಗೆಳೆದರು.

“ಸಾರ್, ನೀವು ಶಾಸಕರಾಗಿದ್ದಾಗ ನಿಮ್ಮ ಬಿಳಿ ಬಟ್ಟೆ ಒಗೀತಿದ್ದವಳು ನಾನು. ಈಗ ಬಣ್ಣದ ಕಾರ್ಖಾನೆ ನೀರು ಸೇರಿ, ಹೊಳೇಲಿ ಅದ್ದಿದ್ದೆಲ್ಲ ನೀಲಿಯಾಗ್ತಿದೆ.”

“ಅಯ್ಯೋ.”

“ಕಾರ್ಖಾನೆ ನೀರು ಹೊಳೆಗೆ ಬಿಡಬಾರ್ದು ಅಂತ ಕಾನೂನು ತಂದವರು ನೀವೇ. ಈ ಅರ್ಜಿ ಒಳಗೆ ಕೊಟ್ಬಿಡಿ.”

“ಅಮ್ಮಾ, ನಾನೀಗ ಆ ಕಾರ್ಖಾನೆಯವರ ಕಡೆಯಿಂದ ಬಂದಿದೀನಿ. ಆ ಕಾನೂನನ್ನೇ ಸಡಿಲ ಮಾಡಿಸ್ಬೇಕು.”

“ಗೊತ್ತು.”

“ಗೊತ್ತಿದ್ದೂ ನನ್ನ ಕೈಗೆ ಕೊಡ್ತೀರಾ?”

“ಹನ್ನೊಂದು ದಿನದಿಂದ ಕೂತಿದೀನಿ. ಆ ಬಾಗಿಲು ತೆಗೆಯೋದು ನಿಮಗೊಬ್ಬರಿಗೇ.”

ಜವಾನ ಕರೆದ. ಅರ್ಜಿಯನ್ನು ತಮ್ಮ ಫೈಲಿನ ಮೇಲಿಡಬೇಕೋ ಕೆಳಗಿಡಬೇಕೋ ತಿಳಿಯದೆ ಮಾಜಿ ಶಾಸಕರು ಹೊಸ್ತಿಲಲ್ಲೇ ನಿಂತರು.

“ಎಲ್ಲಾದ್ರೂ ಇಡಿ ಸಾರ್,” ಹೆಂಗಸು ಅಂದರು. “ಬೇಗ ಹೋಗಿ. ಬಾಗಿಲು ಮುಚ್ಚಿಬಿಟ್ಟಾರು.”